ಮೊದಲ ಮನೆಯ ಬಾಕಿ

ಮಾನ್ಯ ತೆರಿಗೆ ಅಧಿಕಾರಿಗಳೇ,

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯ ಮೊದಲ ಮನೆಗೆ ನಿಮ್ಮವರು ಅಂಟಿಸಿ ಹೋದ ನೋಟಿಸು ಇನ್ನೂ ಬಾಗಿಲಲ್ಲೇ ಇದೆ. ನನ್ನ ಅತ್ತಿಗೆ ವಿಜಯಮ್ಮನವರು ತಮ್ಮದಲ್ಲದ ವ್ಯಾಪಾರಕ್ಕೆ ತೆರಿಗೆ, ದಂಡ, ಬಡ್ಡಿ ಕಟ್ಟಬೇಕೆಂದು ಅದು ಹೇಳುತ್ತದೆ. ಮನೆ, ಮಗ್ಗ ಎರಡನ್ನೂ ಮಾರಿದರೂ ಆ ಮೊತ್ತ ತೀರದು. ಅತಿಶಯೋಕ್ತಿ ಒಂದು ಅಲಂಕಾರ ಎಂದು ಎಂ.ಎ.ಯಲ್ಲಿ ಓದಿದ್ದೆ. ನಿಮ್ಮ ಕಚೇರಿಯಲ್ಲಿ ಅದಕ್ಕೆ ಬಡ್ಡಿಯೂ ಬೆಳೆಯುತ್ತದೆ ಎಂದು ಈಗ ತಿಳಿಯಿತು.

ಸೀರೆ ಕೊಳ್ಳಲು ಬಂದವರನ್ನು ಮೊದಲ ಮನೆಯ ಜಗಲಿಯಲ್ಲಿ ಕೂರಿಸುವುದು ನಮ್ಮ ಬೀದಿಯ ರೂಢಿ. ಎಲ್ಲ ಮನೆಯವರೂ ತಾವು ನೇಯ್ದದ್ದನ್ನು ಅಲ್ಲಿಗೇ ತಂದು ಬಿಚ್ಚುತ್ತಾರೆ. ಯಾರ ಸೀರೆ ಹೋದರೂ ದುಡ್ಡು ಮೊದಲ ಮನೆಯವರ ಕೈಗೆ ಬಂದು, ಸಂಜೆಯೊಳಗೆ ನೇಯ್ದವರನ್ನು ಸೇರುತ್ತದೆ. ನೆರೆಯವರ ದುಡಿಮೆಯಲ್ಲಿ ಕಮಿಷನ್ ಮುರಿದುಕೊಳ್ಳುವುದು ನಮ್ಮಲ್ಲಿಲ್ಲ. ದುಡ್ಡು ಫೋನಿಗೆ ಬರತೊಡಗಿದಾಗಲೂ ರೂಢಿ ಬದಲಾಗಲಿಲ್ಲ. ಜಗಲಿಯ ಕಂಬಕ್ಕೆ ಅತ್ತಿಗೆಯ ಕ್ಯೂಆರ್ ಕೋಡ್ ಅಂಟಿತು, ಅಷ್ಟೆ. ಇದೇ ಅವರ ಅಪರಾಧ. ಇಡೀ ಬೀದಿಯ ದುಡಿಮೆ ಒಬ್ಬ ಹೆಂಗಸಿನ ಖಾತೆಯೊಳಗೆ ಬಂದದ್ದನ್ನು ನಿಮ್ಮ ಕಂಪ್ಯೂಟರ್ ಕಂಡಿತು. ಅದೇ ಸಂಜೆ ನಗದಾಗಿ ಹಂಚಿಹೋದದ್ದನ್ನು ಕಾಣಲಿಲ್ಲ. ಅಷ್ಟು ಚೂಪು ಕಣ್ಣಿಗೆ ಇಷ್ಟು ಕುರುಡು ಎಲ್ಲಿಂದ ಬಂತು?

ನಿಮ್ಮ ಕಚೇರಿಗೆ ಹೋಗಿ ಹೇಳಿದೆ. "ದುಡ್ಡು ತಮ್ಮದು ಅಂತ ಬೀದಿಯವರೇ ಬರೆದುಕೊಡಲಿ ಮೇಡಂ" ಎಂಬ ಉತ್ತರ ಸಿಕ್ಕಿತು. ಎಷ್ಟು ಸರಳ. ಎದುರುಮನೆಯ ನೇಕಾರ ವೆಂಕಟಸ್ವಾಮಿಯವರನ್ನು ಕೇಳಿದೆ. ಅವರು ಲಾಳಿ ನಿಲ್ಲಿಸಿ, ಬಾಗಿಲ ಕಡೆ ನೋಡಿದರು.

"ನಮ್ದೇ ದುಡ್ಡು, ನಿಜ ಕಣವ್ವ. ಬರ್ದ್ಕೊಟ್ರೆ ನಾಳೀಕೆ ಆ ಕಾಗ್ದ ನಮ್ಮನೆ ಬಾಗ್ಲಿಗೆ ಬತ್ತದಲ್ಲ?"

ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಿಮ್ಮ ಬಳಿ ಉತ್ತರ ಇದೆಯೇ? ಅಂದಿನಿಂದ ಜನ ಮೊದಲ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಾರೆ. ಜಗಲಿಗೆ ಯಾರೂ ಬರುವುದಿಲ್ಲ. ಅತ್ತಿಗೆ ನನ್ನನ್ನೇ ಗದರಿದರು: "ಇನ್ನೊಬ್ರನ್ನ ಕೇಳ್ಬ್ಯಾಡ ಕಣೆ. ಇಲ್ಲ ಅಂದ್ಬುಟ್ರೆ ಆಮೇಲೆ ಅವ್ರು ನನ್ ಮೊಕ ಎಂಗ್ ನೋಡಾರು?"

ತೆರಿಗೆ ಮನ್ನಾ ಮಾಡಿ ಎಂದು ನಾನು ಕೇಳುತ್ತಿಲ್ಲ. ನೀವು ತಡೆಹಿಡಿದಿರುವ ಖಾತೆಯನ್ನು ಬಿಡಿ. ಅತ್ತಿಗೆ ತಾವು ನೇಯ್ದದ್ದಕ್ಕೆ ಕೊಡಬೇಕಾದುದು ಏನಾದರೂ ಇದ್ದರೆ ಅದನ್ನು ಮಾತ್ರ, ಅವರ ಕೈಲಾಗುವ ಕಂತುಗಳಲ್ಲಿ ಪಡೆಯಿರಿ. ಇನ್ನು ಬೀದಿಯವರು ಬರೆದುಕೊಡುವ ಮಾತು. ನಿಜ ಹೇಳಿದವರ ಬಾಗಿಲಿಗೆ ನೋಟಿಸು ಬರುವುದಿಲ್ಲವೆಂದು ಮೊದಲು ನೀವು ಬರೆದುಕೊಡಿ.

ತಡಮಾಡಬೇಡಿ. ಖಾತೆಯಿಂದ ದುಡ್ಡು ತೆಗೆಯಲಾಗದೆ ಮಗ್ಗಕ್ಕೆ ಕಟ್ಟುವ ಉದ್ದನೆಯ ಎಳೆಗಳ ಹೊಸ ಹಾಸು ಹೂಡಲು ರೇಷ್ಮೆ ನೂಲು ತಂದಿಲ್ಲ. ಮಗ್ಗದ ಮೇಲಿನ ಹಾಸಿನಲ್ಲಿ ಒಂದು ಸೀರೆಯ ಉದ್ದ ಮಾತ್ರ ಉಳಿದಿದೆ. ಅದು ಮುಗಿಯುವ ಮುನ್ನ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಹೊಸೆದು ಸೇರಿಸದಿದ್ದರೆ ಮಗ್ಗ ಬರಿದಾಗುತ್ತದೆ. ದಿನವಿಡೀ ಸದ್ದು ಮಾಡುತ್ತಿದ್ದ ಆ ಮಗ್ಗ ಈಗ ಒಂದು ಎಳೆ ಹಾಕಿ ಬಹಳ ಹೊತ್ತು ಸುಮ್ಮನಿರುತ್ತದೆ. ಅತ್ತಿಗೆಗೆ ಕೈ ಸೋತಿಲ್ಲ. ಆ ಸೀರೆ ಮುಗಿಯುವುದು ಅವರಿಗೆ ಬೇಡವಾಗಿದೆ.

ಇಂತಿ,
ಪಕ್ಕದ ಮನೆಯಲ್ಲಿ ಗೋಡೆಗೆ ಕಿವಿಗೊಟ್ಟಿರುವ,
ನಿಮ್ಮ ಬಾಕಿದಾರರ ನಾದಿನಿ
ರೋಜಾ