ಮೂವತ್ತೊಂದನೇ ನಂಬರಿನ ಮತ

ಮಿಲ್ಡುರಾ,
14 ಮೇ 1994, ಶನಿವಾರ

ಪ್ರೀತಿಯ ತಮ್ಮ ನೆವಿಲ್‌ಗೆ ಅಕ್ಕ ಗ್ಲೆನಿಸ್ ಬರೆಯುವುದು.

ನಿನ್ನ ಮೂರು ಕಾಗದಗಳೂ ಸೇರಿದವು. ಫೋನು ಬಾರಿಸಿದ್ದೂ ಕೇಳಿಸಿತು, ಎತ್ತಲಿಲ್ಲ ಅಷ್ಟೇ. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ, ಜೋಪಾನವಾಗಿಟ್ಟುಕೋ. ಇಲ್ಲಿ ನಾನು, ನಾಯಿ, ಐದು ಕೋಳಿ ಎಲ್ಲರೂ ಕ್ಷೇಮ. ಚಳಿ ಶುರುವಾಗಿದೆ. ನಿನ್ನ ಭಾವನ ರಿಪೇರಿ ಅಂಗಡಿಯ ಬೀಗ ಇನ್ನೂ ತೆಗೆದಿಲ್ಲ. ಒಳಗೆ ಊರಿನವರ ಟೀವಿಗಳು ಹಾಗೇ ಕುಳಿತಿವೆ. ಅವರು ಬಂದು ಬಾಗಿಲು ತಟ್ಟುತ್ತಾರೆ, ನಾಳೆ ಬನ್ನಿ ಅನ್ನುತ್ತೇನೆ. ಮೂರು ತಿಂಗಳಿಂದ ನಾಳೆ ಬನ್ನಿ ಅನ್ನುತ್ತಿದ್ದೇನೆ.

ಮಂಗಳವಾರ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಮೇಲೆ ಹೆಸರಿರಲಿಲ್ಲ. ‘ಉಪ್ಪುತಾರೆ ಅಭಿಮಾನಿಗಳ ಸಂಘ, ಸದಸ್ಯ ಸಂಖ್ಯೆ 31’ ಎಂದಿತ್ತು, ಕೆಳಗೆ ನಮ್ಮ ಅಂಚೆಪೆಟ್ಟಿಗೆಯ ನಂಬರು. ಬಿಚ್ಚಿದರೆ ಒಳಗೊಂದು ಮರದ ಸೌಟು. ಆಟದಲ್ಲಿ ಎಲ್ಲರಿಗಿಂತ ಕೊನೆಗೆ ಬಂದವರಿಗೆ ನಮ್ಮ ಕಡೆ ಕೊಡುತ್ತಾರಲ್ಲ, ಆ ಸೌಟು. ಹಿಡಿಯ ಮೇಲೆ ಕೆಂಪು ಬಣ್ಣದಲ್ಲಿ ‘ಬೇರೆ ಗ್ರಹದ ಟೀವಿ ನೋಡಿದವರಿಗೆ’ ಎಂದು ಬರೆದಿತ್ತು. ಜೊತೆಗೆ ಸಂಘದ ಸುದ್ದಿಪತ್ರ. ನಾಲ್ಕನೆಯ ಪುಟದಲ್ಲಿ ನಗೆಹನಿಗಳ ಚೌಕಟ್ಟಿನೊಳಗೆ, ಈಸ್ಟರ್ ಸಭೆಯಲ್ಲಿ ನೀನು ಓದಿ ಎಲ್ಲರನ್ನೂ ನಗಿಸಿದ ಅದೇ ಮತ, ಕೆಳಗೆ ಸಂಪಾದಕನೆಂದು ನಿನ್ನ ಹೆಸರು.

ಮೂವತ್ತೊಂದನೇ ನಂಬರು ಯಾರೆಂದು ನಿನಗೆ ಗೊತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿಲ್ಲದಿದ್ದರೆ ಈಗ ತಿಳಿದುಕೋ. ಅದು ಡಂಕನ್. ನಿನ್ನ ಭಾವ. ಫೆಬ್ರವರಿಯಲ್ಲಿ ನೀನು ಹೆಗಲು ಕೊಟ್ಟು ಹೊತ್ತೆಯಲ್ಲ, ಅವನೇ. ಅವನ ಮತವನ್ನು ಅವನ ಹೆಸರಿನಲ್ಲಿ, ಒಂದಕ್ಷರ ಬದಲಿಸದೆ, ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಬೇಕು. ಅದಾಗುವವರೆಗೆ ನನಗೆ ತಮ್ಮನಿಲ್ಲ. ನಾನು ಬರೆಯಬೇಕಾದದ್ದು ಇಷ್ಟೇ. ಆದರೆ ಇಷ್ಟಕ್ಕೇ ಮುಗಿಸಿದರೆ ಹೊಟ್ಟೆಯೊಳಗಿನ ಬೆಂಕಿ ಆರುವುದಿಲ್ಲ, ಕುಳಿತು ಕೇಳು.

ಸಂಘದಲ್ಲಿ ಉಪ್ಪುತಾರೆ ಧಾರಾವಾಹಿಯಲ್ಲಿ ಮೆಚ್ಚಿದ್ದನ್ನು ಬರೆದು ಹಾಕುವ ಮತದ ಚೀಟಿಗೆ ಹೆಸರು ಹಾಕುವಂತಿಲ್ಲ, ಬರೀ ನಂಬರು. ಹೌದು, ಒಪ್ಪುತ್ತೇನೆ. ನಂಬರಿನ ಪುಸ್ತಕ ಕಾರ್ಯದರ್ಶಿ ಕೋರಲ್ ಮನೆಯಲ್ಲಿ ಇರುತ್ತದೆ. ಅವಳು ಈ ವರ್ಷ ಬಂದವಳು, ಡಂಕನ್‌ನ ಮುಖವನ್ನೇ ಕಂಡಿಲ್ಲ, ವಿಳಾಸ ಅಂಟಿಸಿ ಕಳಿಸಿದ್ದಾಳೆ. ಅವಳನ್ನು ಬೈಯಬೇಡ. ಆದರೆ ಆ ಚೀಟಿಯ ಕೈಬರಹ? ಡಂಕನ್‌ಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ, ಬರೆದವಳು ನಾನು. ನೀನು ಐದು ವರ್ಷದವನಿದ್ದಾಗ ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಕೈ ಇದು. ಜಾತ್ರೆಯ ಗದ್ದಲದಲ್ಲೂ ಕರು ತಾಯಿಯ ಕೂಗನ್ನು ಗುರುತಿಸುತ್ತದೆ. ನಿನಗೆ ನಿನ್ನಕ್ಕನ ಅಕ್ಷರ ಗುರುತಾಗಲಿಲ್ಲವೇ?

ಇನ್ನು ಕೊನೆಯ ಟೇಪಿನ ವಿಷಯ. ಇಂಗ್ಲೆಂಡಿನಿಂದ ನಿನ್ನ ಗೆಳೆಯ ಟೇಪು ಕಳಿಸುವುದು, ನೀನು ಅದನ್ನು ನಕಲು ಮಾಡಿ ನಮಗೆಲ್ಲ ಅಂಚೆಯಲ್ಲಿ ಹಾಕುವುದು, ಹನ್ನೊಂದು ಕಂತು ಮನೆಯಲ್ಲಿ ನೋಡುವುದು, ಕೊನೆಯ ಎರಡು ಕಂತು ಮಾತ್ರ ಈಸ್ಟರಿನಲ್ಲಿ ಬೆಂಡಿಗೋದ ಸಭಾಂಗಣದಲ್ಲಿ ಎಲ್ಲರೂ ಒಟ್ಟಿಗೆ ನೋಡುವುದು. ಆ ನಿಯಮ ಮಾಡಿದವನು ಡಂಕನ್ನೇ. ಮೊದಲ ಸೀಸನ್ನಿನಲ್ಲಿ ಆ ಹಲ್ಲಿನ ಡಾಕ್ಟರು ಚಹಾದ ಸಾಲಿನಲ್ಲಿ ನಿಂತು ಕಥೆಯ ಕೊನೆಯನ್ನು ಬಾಯಿಬಿಟ್ಟನೆಂದು ಡಂಕನ್ ಅವನ ಜೊತೆ ಎರಡು ವರ್ಷ ಮಾತಾಡಲಿಲ್ಲ. ಆಮೇಲೆ ಈ ಕಟ್ಟುನಿಟ್ಟು ಬಂತು.

ಜನವರಿಯಲ್ಲಿ ನಿನಗೆ ಫೋನು ಮಾಡಿದ್ದು ನೆನಪಿದೆಯೇ? ನನಗಂತೂ ಬಾಯಿಪಾಠವಾಗಿದೆ.

“ನೆವ್, ಕೊನೇ ಟೇಪು ಕಳ್ಸೋ. ಡಂಕನ್ ಕೇಳ್ತಾ ಇದಾನೆ.”

“ಅಯ್ಯೋ ಅಕ್ಕಾ, ಭಾವಾನೇ ಮಾಡಿದ ರೂಲು. ಈಗ ಕಳಿಸಿದ್ರೆ ನಾಳೆ ಅವರೇ ನನ್ನ ಚರ್ಮ ಸುಲೀತಾರೆ.”

“ಅವ್ನಿಗೆ ಹುಷಾರಿಲ್ಲ ಕಣೋ.”

“ಎದೆ ಕಟ್ಟಿರುತ್ತೆ, ಈಸ್ಟರ್ ಹೊತ್ತಿಗೆ ಸರಿಹೋಗುತ್ತೆ ಬಿಡು. ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ, ರಾಜನ ಥರ ಕೂತು ನೋಡ್ಲಿ.”

ಹೂಂ ಅಂದೆ. ಡಾಕ್ಟರು ಮೂರು ವಾರ ಅಂದಿದ್ದಾರೆ ಎಂದು ನಾನು ಹೇಳಲಿಲ್ಲ. ಯಾರಿಗೂ ಹೇಳಬಾರದೆಂದು ಡಂಕನ್ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದ. ಸರಿ, ಹೇಳಲಿಲ್ಲ. ಆದರೆ ನಾನು ನಲವತ್ತು ವರ್ಷದಲ್ಲಿ ನಿನ್ನ ಹತ್ತಿರ ಏನನ್ನಾದರೂ ಎರಡು ಸಲ ಕೇಳಿದವಳೇ? ಅವತ್ತು ಕೇಳಿದೆ. ಅಷ್ಟರಿಂದಲೇ ನಿನಗೆ ಅರ್ಥವಾಗಬೇಕಿತ್ತು. ಅನ್ಯಾಯದ ಮಾತು ಅನ್ನುತ್ತೀಯಾ? ಅನ್ನು. ನನಗೆ ಈಗ ನ್ಯಾಯ ಬೇಕಾಗಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಕುಳಿತಿದ್ದೆ. ಹೊರಗೆ ಕಾವಲಿಯಂಥ ಬಿಸಿಲು. ಡಂಕನ್ ಕಣ್ಣು ಬಿಟ್ಟ.

“ಗ್ಲೆನ್, ಟೇಪ್ ಬಂತೇನೇ?”

ನನ್ನ ಬಾಯಿಂದ ಅದೇನು ಹೊರಟಿತೋ, “ಬಂತು” ಅಂದುಬಿಟ್ಟೆ.

“ನೋಡಿದ್ಯಾ?”

“ನೋಡ್ದೆ.”

“ಹೇಳು ಮತ್ತೆ. ವೆಸ್ಸಾ ಏನಾದ್ಲು?”

“ಯಾರೂ ಹೇಳ್ಬಾರ್ದು ಅಂತ ನೀನೇ ರೂಲ್ ಮಾಡಿದ್ದಲ್ವಾ?”

“ರೂಲ್ ಮಾಡಿದೋನು ಹೊರಟು ನಿಂತಿದಾನೆ. ಹೇಳೇ ಸುಮ್ನೆ.”

ಹಾಸಿಗೆಯ ಪಕ್ಕ ಔಷಧಿ ಬಾಟಲಿ ಬದಲಿಸುತ್ತಿದ್ದ ನರ್ಸಮ್ಮ, “ಹೇಳಿಬಿಡಮ್ಮಾ, ನಾನೂ ಕೇಳ್ತೀನಿ” ಅಂದಳು. ಇನ್ನೇನು ಮಾಡಲಿ? ಹನ್ನೊಂದನೆಯ ಕಂತು ನಿಂತದ್ದೆಲ್ಲಿ ಹೇಳು. ಸಿಟ್ಟು ಮಾಡಿಕೊಂಡು ಹೋದ ವೆಸ್ಸಾ ಪುಟ್ಟ ದೋಣಿಯಲ್ಲಿ ಒಬ್ಬಳೇ, ರೇಡಿಯೋ ಕೆಟ್ಟಿದೆ, ಸುತ್ತ ಬಾಹ್ಯಾಕಾಶದ ಕತ್ತಲು, ಹಡಗು ಎತ್ತ ಇದೆಯೋ ತಿಳಿಯದು. ನಾನು ಅಲ್ಲಿಂದ ಹಿಡಿದುಕೊಂಡೆ. ಹಡಗಿನ ಮುದುಕಿ ಅಡುಗೆಯವಳು ತಮ್ರಿ ಇದ್ದಾಳಲ್ಲ, ಮೂರು ಸೀಸನ್ನಿನಲ್ಲಿ ಯಾರೂ ಒಂದು ಮಾತನ್ನೂ ಕೊಡದ ಪಾತ್ರ, ಅವಳು ಎದ್ದಳು ಅಂದೆ. ಹಡಗಿನ ಏಳು ಒಲೆಯನ್ನೂ ಹಚ್ಚಿದಳು. ಕಿಟಕಿಗಳ ಮುಚ್ಚಳವನ್ನೆಲ್ಲ ತೆಗೆದಳು. ಇಡೀ ಹಡಗು ಕೆಂಪಗೆ ಹೊಳೆಯಿತು.

“ತಡಿ ತಡಿ,” ಅಂದ ಡಂಕನ್. “ಅಲ್ಲಿ ಗಾಳಿ ಇಲ್ಲ, ಬೆಂಕಿ ಹೆಂಗೆ ಉರಿಯುತ್ತೆ?”

“ಒಲೆ ಇರೋದು ಹಡಗಿನ ಒಳಗೆ ಕಣೋ ಟೀವಿ ರಿಪೇರಿಯವನೇ. ಒಳಗೆ ಗಾಳಿ ಇಲ್ದಿದ್ರೆ ಅವರೆಲ್ಲ ಮೂರು ಸೀಸನ್ ಏನು ಉಸಿರು ಕಟ್ಕೊಂಡಿದ್ರಾ?”

“ಹಾಂ. ಸರಿ. ಮುಂದೆ.”

ಮುಂದೆ ಏನು, ವೆಸ್ಸಾ ದೂರದಿಂದ ಆ ಬೆಳಕು ಕಂಡಳು, ಬಂದಳು. ಕ್ಯಾಪ್ಟನ್ ಬಾಯಿ ತೆರೆಯುವ ಮೊದಲೇ ತಮ್ರಿ ಒಂದು ತಟ್ಟೆ ಸೂಪು ತಂದು ಅವಳ ಮುಂದಿಟ್ಟಳು. ಮುಗಿಯಿತು ಅಂದೆ. ಡಂಕನ್ ಮತದ ಚೀಟಿ ತೆಗೆ ಅಂದ. ಒಳ್ಳೆಯ ಪ್ರಾಣಿ ಯಾವುದು? “ಉಪ್ಪುಹುಳ. ಬೆನ್ನಿನ ಜಿಪ್ಪು ಕಂಡಿತು ಅಂತಾನೂ ಬರಿ.” ಒಳ್ಳೆಯ ಉಡುಪು? “ಕ್ಯಾಪ್ಟನ್ ಬೂಟು. ಅಳತೆ ದೊಡ್ಡದು, ಪಾಪ, ಹನ್ನೊಂದು ಕಂತೂ ಕಾಲೆಳೀತಾ ನಡೆದ.” ಕೊನೆಗೆ, ಈ ಸೀಸನ್ನಿನ ಅತ್ಯುತ್ತಮ ಕ್ಷಣ? “ತಮ್ರಿ ಒಲೆ ಹಚ್ಚಿದ್ದು. ಕಾರಣ ಬರಿ: ಮನೆಗೆ ಬಂದವಳನ್ನು ಎಲ್ಲಿ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ.” ಅದಾಗಿ ನಾಲ್ಕು ದಿನ ಇದ್ದ.

ಈಸ್ಟರ್ ಶನಿವಾರ ನಾನು ಬೆಂಡಿಗೋಗೆ ಬಂದದ್ದು ಯಾಕೆಂದು ನೀನು ಕೇಳಲಿಲ್ಲ. “ಬಂದ್ಯಲ್ಲ ಅಕ್ಕಾ, ಮನಸ್ಸಿಗೆ ಹಗುರಾಗುತ್ತೆ” ಅಂದೆ. ನಾನು ಹಗುರಾಗಲು ಬಂದಿರಲಿಲ್ಲ. ಆ ಚೀಟಿ ಹಾಕಲು ಬಂದಿದ್ದೆ. ಎರಡು ಕಂತೂ ನೋಡಿದೆ. ನಿಜವಾದ ಕೊನೆ ಏನೆಂದು ಎಲ್ಲರ ಜೊತೆ ನನಗೂ ಗೊತ್ತಾಯಿತು. ಕ್ಯಾಪ್ಟನ್ ರೇಡಿಯೋ ಆರಿಸುತ್ತಾನೆ, ಹಡಗು ತಿರುಗಿಸುತ್ತಾನೆ, ವೆಸ್ಸಾಳ ದೋಣಿಯ ದೀಪ ಸಾಸಿವೆಯಷ್ಟಾಗಿ, ಆಮೇಲೆ ಅದೂ ಇಲ್ಲ. ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಇಪ್ಪತ್ತಾರು ಜನ ಅದನ್ನೇ ಅತ್ಯುತ್ತಮ ಕ್ಷಣವೆಂದು ಬರೆದಿರಿ. “ಎಂಥ ಗಂಡೆದೆ ಆ ಕ್ಯಾಪ್ಟನ್ನಿಂದು” ಅಂತ ನೀನು ಮೈಕಿನಲ್ಲಿ ಹೇಳಿದೆ. ಒಬ್ಬಳನ್ನು ಕತ್ತಲಲ್ಲಿ ಬಿಟ್ಟು ಹೋಗುವುದಕ್ಕೆ ಗಂಡೆದೆ ಯಾಕೆ ಬೇಕಪ್ಪಾ? ಅದನ್ನು ಯಾವ ಹೇಡಿಯೂ ಮಾಡುತ್ತಾನೆ. ಕಾಯುವುದಕ್ಕೆ ಬೇಕು ಎದೆ. ಹೀಗೆ ಕಥೆ ಬರೆದವನ ಮೇಲೂ ನನಗೆ ಸಿಟ್ಟಿದೆ, ಅವನ ವಿಳಾಸ ಇಲ್ಲ, ಆದ್ದರಿಂದ ಅವನ ಪಾಲಿನದನ್ನೂ ನೀನೇ ತಗೋ.

ಚೀಟಿಯಲ್ಲಿರುವುದು ನಡೆದೇ ಇಲ್ಲವೆಂದು ಗೊತ್ತಿದ್ದೂ ಡಬ್ಬದಲ್ಲಿ ಹಾಕಿದೆ. ಅದು ಅವನ ಮತ, ಸರಿಯೋ ತಪ್ಪೋ ತಿದ್ದಲು ನಾನ್ಯಾರು? ಚಹಾ ಆದಮೇಲೆ ನೀನು ಓದತೊಡಗಿದೆ. ಜಿಪ್ಪಿನ ಮಾತಿಗೆ ಜನ ನಕ್ಕರು. ಅದು ನಗಲಿಕ್ಕೇ ಬರೆದದ್ದು, ಡಂಕನ್ ಇದ್ದರೆ ಹಿಗ್ಗುತ್ತಿದ್ದ. ಆಮೇಲೆ ಕೊನೆಯ ಸಾಲು ಬಂತು, ನಿನ್ನ ಹುಬ್ಬು ಮೇಲೇರಿತು.

“ಕೇಳ್ರಪ್ಪಾ! ನಮ್ಮಲ್ಲಿ ಒಬ್ರು ಬೇರೆ ಗ್ರಹದ ಟೀವಿ ನೋಡ್ಕೊಂಡು ಬಂದಿದಾರೆ! ಅಡುಗೆಯೋಳು ಒಲೆ ಹಚ್ಚಿದ್ಲಂತೆ! ವೆಸ್ಸಾ ಬಂದು ಸೂಪು ಕುಡಿದ್ಲಂತೆ!”

ಹಿಂದಿನಿಂದ ಯಾರೋ ಕೂಗಿದ: “ಉಪ್ಪು ಸರಿಯಾಗಿತ್ತಾ ಕೇಳು!”

“ಮೂವತ್ತೊಂದನೇ ನಂಬರು, ಕೈ ಎತ್ತಿ ಸ್ವಾಮಿ! ನಿಮ್ಮ ಆಂಟೆನಾ ಯಾವ ಕಡೆ ತಿರುಗಿದೆ?”

ಸಭೆ ಬಿದ್ದು ಬಿದ್ದು ನಕ್ಕಿತು. ನೀನು ನಾಟಕದವನ ಹಾಗೆ ಸೂಪು ಹೀರಿ ತೋರಿಸಿದೆ. ಕಾರಣವೆಂದು ಬರೆಸಿದ್ದ ಆ ಒಂದು ಸಾಲನ್ನು ಮಾತ್ರ ಓದಲೇ ಇಲ್ಲ. ಸುದ್ದಿಪತ್ರದಲ್ಲೂ ಅದನ್ನು ಬಿಟ್ಟಿದ್ದೀಯ. ನಗೆ ಬರುವಷ್ಟನ್ನು ಕತ್ತರಿಸಿಕೊಂಡು ಉಳಿದದ್ದನ್ನು ಎಸೆದೆ. ನನ್ನನ್ನು ಹೆಚ್ಚು ಸುಡುವುದು ಇದೇ. ಆ ಸಾಲು ಓದಿದ್ದರೆ ಒಬ್ಬರಾದರೂ ಸುಮ್ಮನಾಗುತ್ತಿದ್ದರೋ ಏನೋ.

ಆದ್ದರಿಂದ ಮತ್ತೆ ಹೇಳುತ್ತೇನೆ. ಮೊದಲ ಪುಟ. ಡಂಕನ್ ಎಂಬ ಹೆಸರು. ಜಿಪ್ಪು, ಬೂಟು, ಒಲೆ, ಕೆಳಗೆ ಕಾರಣ. ‘ಈ ಕ್ಷಣ ಸೀಸನ್ನಿನಲ್ಲಿ ಇಲ್ಲ’ ಎಂದು ಟಿಪ್ಪಣಿ ಹಾಕುತ್ತೀಯಾದರೆ ಹಾಕು, ಸುಳ್ಳು ಹೇಳೆಂದು ನಾನು ಹೇಳುವುದಿಲ್ಲ. ಆದರೆ ಹೆಂಡತಿ ಹೇಳಿದ ಕಥೆ ಎಂದು ಬರೆ. ಸೌಟನ್ನು ನಾನು ಹಿಂದೆ ಕಳಿಸುತ್ತಿಲ್ಲ, ಕೋಳಿಯ ಹಿಟ್ಟು ಕಲಸಲು ಆಯಿತು. ಕೊನೆಯ ಟೇಪಿನ ನಕಲು ಕಳಿಸುತ್ತೇನೆಂದು ಬರೆದಿದ್ದೀಯ. ಬೇಡ. ಬೇಕಾದಾಗ ಬರಲಿಲ್ಲ, ಈಗ ಬಂದು ಏನು ಮಾಡೀತು?

ನಿನ್ನ ಮೊಣಕಾಲು ಹೇಗಿದೆ? ಚಳಿಗಾಲ, ಸಭಾಂಗಣದ ಸಿಮೆಂಟಿನ ಮೇಲೆ ಕುರ್ಚಿ ಎಳೆದಾಡುತ್ತಾ ತಿರುಗಬೇಡ. ಹೊಟ್ಟೆ ತುಂಬ ಉಣ್ಣು. ದೇವರು ನಿನಗೆ ಆಯುಸ್ಸು ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ. ಸಿಟ್ಟಿನಲ್ಲಿದ್ದರೂ ಹರಸುವುದನ್ನು ಕೈ ಮರೆತಿಲ್ಲ ನೋಡು.

ಇತಿ,
ನಿನ್ನ ಅಕ್ಕ
ಗ್ಲೆನಿಸ್

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ನೆವ್, ಅವತ್ತು ನೀನು ಸೂಪು ಹೀರಿ ತೋರಿಸಿದಾಗ ನನ್ನ ಕಡೆ ನೋಡಿದೆ. ಆಗ ನಾನು ನಗುತ್ತಿದ್ದೆ. ನಾನು ನಗದೆ ಕುಳಿತಿದ್ದರೆ ನಿನಗೆ ಆಗಲೇ ತಿಳಿಯುತ್ತಿತ್ತು, ಓದುವುದನ್ನು ನಿಲ್ಲಿಸುತ್ತಿದ್ದೆ, ನನಗೆ ಗೊತ್ತು. ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆಂದು ಹೆದರಿ ನಕ್ಕೆ. ಪಕ್ಕದ ಕುರ್ಚಿಯಲ್ಲಿದ್ದ ಕೋರಲ್ ನನ್ನ ಕಿವಿಯ ಹತ್ತಿರ ಬಾಗಿ, “ಯಾರಿರಬಹುದ್ರೀ ಇದು?” ಎಂದು ಕೇಳಿದಳು. “ಯಾರೋ ಪೆದ್ದ ಇರ್ಬೇಕು” ಅಂದೆ.