ದೋಸೆ ಹಂಚಿನ ಮೇಲೆ ನೂರ ನಲವತ್ತನಾಲ್ಕನೆಯದು

ನವೆಂಬರ್ 11, ಮಂಗಳವಾರ. ಮಧ್ಯಾಹ್ನ 3:40

ಕೆಳಗಿನ ಮನೆಯ ಅಜ್ಜಿ ಇವತ್ತೂ ಕೇಳಿದರು. ಆ ಮೇಲ್ ಇನ್ನೊಂದು ಸಲ ಓದು ಅಂತ. ಓದಿದೆ... ಅಂದರೆ ಮತ್ತೆ ಸುಳ್ಳು ಹೇಳಿದೆ. ಮೊನ್ನೆಯ ಸುಳ್ಳೇ, ತುಪ್ಪ ಸ್ವಲ್ಪ ಜಾಸ್ತಿ.

ಅವರ ಹೊಸ ಕಾದಂಬರಿಗೆ ಲಂಡನ್ ಪ್ರಕಾಶಕರು ಬರೆದದ್ದು ನಾಲ್ಕೇ ಸಾಲು. ನಾನು ಓದಿದ್ದು ಏಳನೇ ಕ್ಲಾಸು, ಜಪಾನಿನ ಎಡೋಗಾವಾದಲ್ಲಿ ಹೋಟೆಲ್ ಇಟ್ಟು ಸಾಂಬಾರ್ ಕುದಿಸುವವನು. ಆದರೂ ಅಷ್ಟು ಇಂಗ್ಲಿಷ್ ಗೊತ್ತಾಗುತ್ತದೆ. ಈ ಕಾದಂಬರಿ ಬೇಡ. ಮುಂದಕ್ಕೂ ಕಳಿಸಬೇಡಿ.

ಹೇಗೆ ಹೇಳಲಿ? ಕೆಳಗಿನ ಮನೆಯ ಐರ್ವೆನ್-ಸಾನ್‌ಗೆ ಎಪ್ಪತ್ತೊಂಬತ್ತು. ಒಂದು ಕಣ್ಣು ಮೊದಲೇ ಮಬ್ಬು. ಇನ್ನೊಂದಕ್ಕೆ ಆಪರೇಷನ್, ಮೇಲೆ ಪಟ್ಟಿ. ರಿಸಲ್ಟ್ ಕೇಳುವ ಹುಡುಗಿಯ ಹಾಗೆ ಸೋಫಾ ತುದಿಯಲ್ಲಿ ಕೂತಿದ್ದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ — ಇಷ್ಟ ಆಯಿತಂತೆ, ಏಪ್ರಿಲ್‌ಗೆ ಪುಸ್ತಕ ಬರುತ್ತಂತೆ.

ಆ ಮುಖ ನೋಡಬೇಕಿತ್ತು.

ನವೆಂಬರ್ 12

ಲೀಲಾವತಿಯ ಹತ್ತಿರ ತಪ್ಪೊಪ್ಪಿಕೊಂಡೆ. ಹೆಂಡತಿಯ ಮುಂದೆ ನನ್ನ ತಮಾಷೆ ನಡೆಯುವುದಿಲ್ಲ.

"ರೀ, ಇಪ್ಪತ್ತನೇ ತಾರೀಕು ಪಟ್ಟಿ ಬಿಚ್ತಾರೆ. ಅವರೇ ಓದ್ಕೋತಾರೆ. ಆಮೇಲೆ?"

"ಅಷ್ಟರೊಳಗೆ ಹೇಳ್ಬಿಡ್ತೀನಿ ಕಣೇ."

"ನೀವಾ? ಗಿರಾಕಿಗೆ ವಡೆ ಖಾಲಿ ಅನ್ನೋಕೂ ಅಡುಗೆಮನೇಲಿ ಬಚ್ಚಿಟ್ಕೋತೀರ!"

ನವೆಂಬರ್ 15, ಶನಿವಾರ

ಹೇಳಲೆಂದೇ ಹೋದೆ. ಅವರು ಹಳೇ ಕಥೆ ತೆಗೆದರು. ವೇಲ್ಸ್‌ನಲ್ಲಿ ಉಲ್ಲನ್ ಅಂಗಡಿಯ ಕೆಲಸ. ಮೊದಲ ಕಾದಂಬರಿ ಬರೆದದ್ದು ಬಿಲ್ ಚೀಟಿಗಳ ಹಿಂದೆ. ಆಮೇಲೆ ಮದುವೆ, ಹಿರೋಷಿಮಾ. ಗಂಡ ಕಾರ್ ಫ್ಯಾಕ್ಟರಿಗೆ ಹೋದರೆ ಇವರು ಟೈಪ್‌ರೈಟರಿಗೆ. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ. ಇವತ್ತಿಗೆ ಅಚ್ಚಾದದ್ದು ನೂರ ನಲವತ್ತಮೂರು ಪ್ರೇಮ ಕಾದಂಬರಿ, ಕಡೇ ಪುಟಗಳಲ್ಲಿ ಅಷ್ಟೇ ಮದುವೆ.

ಕಡೆಯ ಹನ್ನೊಂದು ನಿಂತಿರುವುದು ನನ್ನ ಆಕಳಿಕೆಯ ಮೇಲೆ. ಹೋಟೆಲ್ ಬ್ರೇಕಿನಲ್ಲಿ ಊಟ ಕೊಡಲು ಹೋದಾಗ ಅವತ್ತಿನ ಅಧ್ಯಾಯ ಹೇಳುತ್ತಾರೆ. ನಾನು ಆಕಳಿಸಿದರೆ ಆ ಪುಟ ಹರಿದು ಹಾಕುತ್ತಾರೆ.

"ಈ ಸಲ ನೀನು ಒಂದು ಸಲಾನೂ ಆಕಳಿಸ್ಲಿಲ್ಲ. ಆಗ್ಲೇ ಗೊತ್ತಾಯ್ತು, ಅವರು ತಗೋತಾರೆ ಅಂತ," ಎಂದು ಅವರ ಅರ್ಧ ಜಪಾನಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದರು.

ನಿಜ, ಆಕಳಿಸಲಿಲ್ಲ. ಕಥೆ ಚೆನ್ನಾಗಿತ್ತು. ಅಥವಾ ತಪ್ಪು ನನ್ನದೇನೋ... ಒಂದು ಸಲವಾದರೂ ಆಕಳಿಸಬೇಕಿತ್ತು.

ಹೊರಡುವಾಗ ಹಂಚು ಕೇಳಿದರು. ಪುಸ್ತಕ ಒಪ್ಪಿಗೆಯಾದಾಗಲೆಲ್ಲ ಅವರ ಊರಿನ ಪದ್ಧತಿಯ ಕೇಕ್ — ಒಣದ್ರಾಕ್ಷಿ ಹಾಕಿ ಬಿಲ್ಲೆಬಿಲ್ಲೆ ಮಾಡಿ, ಕಾವಲಿ ಮೇಲೆ ಬೇಯಿಸಿ, ಇಡೀ ಬಿಲ್ಡಿಂಗಿಗೆ ಹಂಚುತ್ತಾರೆ. ಅವರ ಕಾವಲಿ ಬಿರುಕು ಬಿಟ್ಟಾಗಿನಿಂದ ನಮ್ಮ ದೋಸೆ ಹಂಚೇ.

"ಇಪ್ಪತ್ತನೇ ತಾರೀಕು ಮಾಡೋಣ. ಕಣ್ಣು ಬಂದ್ಮೇಲೆ."

ಹೂಂ ಅಂದೆ.

ನವೆಂಬರ್ 18

ಹೋದೆ. ಬಾಗಿಲ ತನಕ. ಒಳಗೆ ಹಾಡಿಕೊಳ್ಳುತ್ತಿದ್ದರು. ವಾಪಸ್ ಬಂದೆ.

ನವೆಂಬರ್ 20, ಗುರುವಾರ. ಬೆಳಗ್ಗೆ 11:30

ಪಟ್ಟಿ ಬಿಚ್ಚಿದರು. ಕಣ್ಣು ಚೆನ್ನಾಗಿದೆ. ರೈಲಿನಲ್ಲಿ ಬರುತ್ತಾ ಐರ್ವೆನ್-ಸಾನ್ ಒಂದೊಂದು ಜಾಹೀರಾತನ್ನೂ ಜೋರಾಗಿ ಓದಿದರು, ನಮ್ಮ ಲೀಲಾ ಚಪ್ಪಾಳೆ ತಟ್ಟಿದಳು. ಮನೆ ಸೇರಿದ್ದೇ ಸೀದಾ ಕಂಪ್ಯೂಟರ್ ಹತ್ತಿರ ಹೋದರು.

ನಾನು ಮೇಲೆ ಓಡಿ ಬಂದೆ. ಐವತ್ತೊಂದು ವರ್ಷದ ಗಂಡಸು, ಬಾತ್‌ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ 3:20

ಲೀಲಾ ಹಂಚು ಒಯ್ಯಲು ಬಂದಳು.

"ಓದಿದ್ರಾ?"

"ಎರಡು ಸಲ."

"ಏನಂದ್ರು?"

"ಒಣದ್ರಾಕ್ಷಿ ಡಬ್ಬಿ ಎಲ್ಲಿ ಅಂದ್ರು. ಆಮೇಲೆ ಹಿಟ್ಟು ಕಲಸಿದ್ರು."

"ಯಾಕೆ?"

"ನೀವೇ ಹೋಗಿ ಕೇಳಿ. ನಂಗ್ಯಾಕೆ ಈ ಗ್ರಹಚಾರ?"

3:55

ಮೆಟ್ಟಿಲ ತುಂಬ ಬೆಣ್ಣೆಯ ವಾಸನೆ. ಅವರ ಪಕ್ಕದ ಮನೆಯ ಫುಜಿತಾ-ಸಾನ್ ಅಭಿನಂದನೆ ಹೇಳಿದ್ದು ಇಲ್ಲಿಗೇ ಕೇಳಿಸಿತು. ಐರ್ವೆನ್-ಸಾನ್ ನಗುತ್ತಾ ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿದರು. ನನ್ನ ಸುಳ್ಳನ್ನು ಅವರು ಇಡೀ ಬಿಲ್ಡಿಂಗಿನ ಮುಂದೆ ಹೊತ್ತುಕೊಂಡಿದ್ದಾರೆ. ನನ್ನ ಮಾನ ಉಳಿಸಲು.

ಸುಮಿಮಾಸೆನ್, ಕ್ಷಮಿಸಿ ಅನ್ನಬಹುದು. ರೈಲಿನಲ್ಲಿ ಕಾಲು ತುಳಿದರೂ ಅದನ್ನೇ ಅನ್ನುತ್ತೇವೆ. ಇದಕ್ಕೂ ಅದೇ ಸಾಕಾ?

"ಶ್ರೀಕಂತಾ-ಸಾನ್! ಬಾ! ತಿನ್ನು! ಬಿಸಿ ಇದೆ!"

ನಾನೇ ಅವರಿಗೆ ಕಲಿಸಿದ ಕನ್ನಡ. ಬಂದೆ ಅಂತ ಕೂಗಿದೆ. ಇನ್ನೂ ಇದನ್ನೇ ಬರೆಯುತ್ತಿದ್ದೇನೆ. ಎರಡು ತಟ್ಟೆ ಇಟ್ಟ ಸದ್ದು. ಮತ್ತೆ ಕೂಗಿದರು. ಹೋಗಿದ್ದೇ ಮೊದಲು ಹೇಳಬೇಕಾದ್ದು —