ಕೆಲಸಗಾರರ ಸಂಖ್ಯೆ: ಒಂದು

…“ಒಬ್ಬರ ಹೆಸರಿನ್ಯಾಗ ಮಾಡಿ ಮುಗಿಸ್ರಿ” ಎಂದಿರೋ, “ಮುಗಿಸಿಬಿಡ್ರಿ” ಎಂದಿರೋ, ಈಗ ಸರಿಯಾಗಿ ನೆನಪಿಲ್ಲ. ಆದರೆ ಸಣ್ಣ ಉದ್ದಿಮೆಗಳ ನೆರವಿಗೆಂದೇ ನೇಮಕಗೊಂಡ ಮಾನ್ಯ ಅಧಿಕಾರಿಗಳೇ, ಗೋಕಾಕದ ಶಿಬಿರದಲ್ಲಿ ನೀವು ಆಡಿದ ಆ ಮಾತಿನಿಂದ ಅರಭಾವಿಯ ರೊಟ್ಟಿ ಒಲೆಯೊಂದು ಎರಡು ದಿನ ಸರಿಯಾಗಿ ಉರಿಯಲಿಲ್ಲ. ನೀವು ಸುಳ್ಳು ಹೇಳಿದಿರೆಂದು ನನ್ನ ದೂರಲ್ಲ. ನಿಜವನ್ನು ಅರ್ಧಕ್ಕೇ ಮುರಿದು ಕೊಟ್ಟಿರಿ. ಖಡಕ್ ರೊಟ್ಟಿ ಮಾರುವವರು ಮುರಿದದ್ದನ್ನು ಗಿರಾಕಿಗೆ ಕೊಡುವುದಿಲ್ಲ.

ತಾಯವ್ವ ಮತ್ತು ರಾಯವ್ವ ನಾಲ್ಕು ವರ್ಷದಿಂದ ಕೂಡಿ ರೊಟ್ಟಿ ಮಾಡುತ್ತಿದ್ದಾರೆ. ತಾಯವ್ವನ ಹಿತ್ತಲಿನ ಶೆಡ್ಡು, ರಾಯವ್ವನ ಹಂಚು. ಬಡಿಯುವ ಕೈ ಒಬ್ಬಳದು, ಬೇಯಿಸುವ ಕೈ ಇನ್ನೊಬ್ಬಳದು. ಬೆಳಗಾವಿಯ ಅಂಗಡಿಯೊಂದು ವಾರಕ್ಕೆ ಸಾವಿರ ರೊಟ್ಟಿ ಕೇಳಿತು. ಒಂದೇ ಷರತ್ತು: ತಿಂಗಳ ಕೊನೆಯೊಳಗೆ ಸಂಸ್ಥೆಯ ಹೆಸರಿನ ಬಿಲ್ಲು, ಅದೇ ಹೆಸರಿನ ಬ್ಯಾಂಕ್ ಖಾತೆ ಬೇಕು. ಹಾಗಾಗಿ ನಿಮ್ಮಲ್ಲಿಗೆ ಬಂದರು. ಬರೆಯಲು ಬರುವ ಗಿರಾಕಿಯಾದ್ದರಿಂದ ನಾನೂ ಜೊತೆಗಿದ್ದೆ.

“ಮಾಲಕರು ಯಾರ್ರಿ?” ಎಂದು ಕೇಳಿದಿರಿ.

“ನಾ ಬಡೀತೇನ್ರಿ, ಈಕಿ ಬೇಯಸ್ತಾಳ್ರಿ” ಎಂದಳು ತಾಯವ್ವ.

“ಅದಲ್ಲವ್ವಾ, ರೊಟ್ಟಿ ಮಾಲಕರು?”

“ರೊಟ್ಟಿಗೆಂಥಾ ಮಾಲಕರ್ರಿ ಸಾಹೇಬ್ರ? ತಿಂದವರದದು.”

ನೀವು ನಗಲಿಲ್ಲ. ಜಿಎಸ್‌ಟಿ ನಂಬರ್ ಕೇಳಿದಿರಿ. ವರ್ಷಕ್ಕೆ ನಲವತ್ತು ಲಕ್ಷದ ಸರಕು ಮಾರುವವರೆಗೆ ಅದರ ಕಡ್ಡಾಯವಿಲ್ಲವೆಂದು ನಾನು ಎಲ್ಲೋ ಓದಿದ್ದೆ. ಅಷ್ಟು ರೊಟ್ಟಿ ಬಡಿಯಲು ಮೂಡಲಗಿ ತಾಲ್ಲೂಕಿನ ಜೋಳವೆಲ್ಲ ಬೇಕಾದೀತು. ಆಮೇಲೆ ಆ ಮಾತು ಬಂತು: ಒಬ್ಬರ ಹೆಸರಿನಲ್ಲಿ ಮಾಡಿ, ಒಂದೇ ಪ್ಯಾನ್, ಕರಾರುಪತ್ರದ ರಗಳೆ ಇಲ್ಲ. ನಿಮ್ಮ ಬೆನ್ನ ಹಿಂದೆ ‘ಸ್ವಂತ ಉದ್ದಿಮೆ, ಸ್ವಾಭಿಮಾನ’ ಎಂಬ ಬ್ಯಾನರು ತೂಗುತ್ತಿತ್ತು. ‘ಪಾಲುದಾರಿಕೆ’ ಎಂದು ಬರೆಯಲು ಬಟ್ಟೆ ಸಾಲದೆ ಹೋಗಿರಬೇಕು.

ಅರ್ಜಿ ತುಂಬಿದವನು ನಾನು. ಮಾಲೀಕರು: ತಾಯವ್ವ. ಕೆಲಸಗಾರರ ಸಂಖ್ಯೆ: 1. ಯಾರನ್ನೂ ಕೇಳಲಿಲ್ಲ. ರಾಯವ್ವನ ಮನೆ ಊರಿನ ಯಾವ ಕೇರಿಯಲ್ಲಿದೆಯೆಂದು ನಿಮಗೆ ಯಾರೂ ಹೇಳಿರಲಿಲ್ಲ. ನನ್ನ ಪೆನ್ನಿಗೆ ಹೇಗೋ ಗೊತ್ತಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ರಾಯವ್ವ ಸ್ವೀಕೃತಿ ಚೀಟಿ ಇಸಿದುಕೊಂಡಳು. ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ. ಬೆರಳಿಟ್ಟು ಕೇಳಿದಳು: “ಈ ಒಂದು ಯಾರ್ರಿ ಸರ್?”

“ಅದು… ನೀನೇ, ರಾಯವ್ವಾ.”

“ಹೌದನ್ರಿ” ಎಂದು ಕಿಟಕಿಯ ಕಡೆ ತಿರುಗಿದಳು. ಮರುದಿನ ಶೆಡ್ಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ತಾಯವ್ವ ತಾನೇ ಬಡಿದು ತಾನೇ ಬೇಯಿಸಲು ಹೋಗಿ ಮೊದಲ ರೊಟ್ಟಿಯನ್ನೇ ಸುಟ್ಟು ಒಲೆ ಆರಿಸಿದಳು. ಸಂಜೆಗೆ ನನ್ನ ಮನೆ ಬಾಗಿಲಿಗೆ ಬಂದು, “ಏನ್ ಬರದ್ರೀಪಾ ನೀವು? ಅಳಿಸ್ರಿ ಅದನ್ನ!” ಎಂದಳು. ರಾಯವ್ವನನ್ನು ಕರೆತರಲು ತಾನೇ ಹೋದಳು.

ಹುಕ್ಕೇರಿಯ ವಕೀಲರೊಬ್ಬರಿಂದ ಪಾಲುದಾರಿಕೆಯ ಕರಾರುಪತ್ರ ಬರೆಸಿಕೊಂಡು ಬಂದೆ. ಒಲೆಯ ಮುಂದೆ ಕೂತು ಓದಿದೆ. ಹನ್ನೊಂದನೆಯ ಕಲಮಿಗೆ ಬಂದಾಗ ತಾಯವ್ವ ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡಳು. “ಪಾಲುದಾರರಲ್ಲಿ ಒಬ್ಬರು ಮೃತಪಟ್ಟಲ್ಲಿ…”

“ಅಂಗಡಿ ತೆರಿಯೂಕಿಂತ ಮೊದಲ ಸಾಯೂದು ಓದ್ತೀರಲ್ರಿ! ಈಕಿ ಸಾಯೂ ಕಾಗದಕ್ಕ ನಾ ಸಹಿ ಹಾಕಂಗಿಲ್ಲ.”

“ಸುಮ್ನಿರ ತಾಯಕ್ಕಾ. ಓದ್ರಿ ಸರ್. ಸತ್ರ ಏನಾಗ್ತೈತಿ?”

“ನಿನ್ನ ಪಾಲು ನಿನ್ನ ಮಗಳು ನಂದಿನಿಗೆ ಹೋಗ್ತೈತಿ.”

“ಕೂಲಿಯಾಕಿ ಸತ್ರ?”

ಅದಕ್ಕೆ ಯಾವ ಕಲಮೂ ಇರಲಿಲ್ಲ.

“ಹಂಗಾದ್ರ ನಾ ಪಾಲುದಾರಳಾಗೇ ಸಾಯ್ತೇನಿ. ಪೆನ್ನ ಕೊಡ್ರಿ.”

“ಹಂಗಂದ್ರ ಹೆಂಗ? ನಾ ಎರಡು ವರ್ಷ ದೊಡ್ಡಾಕಿ” ಎಂದು ತಾಯವ್ವ ಜಗಳಕ್ಕೆ ನಿಂತಳು. “ಸಾಯೂ ಪಾಳಿ ಮೊದಲ ನಂದು. ಹಂಗ ಬರೀರಿ.” ‘ಯಾರೇ ಮೊದಲಾದರೂ’ ಎಂದು ಸೇರಿಸಿದ ಮೇಲೆ ಸಹಿ ಬಿತ್ತು. ಕಾಗದದ ಅಂಚಿಗೆ ಜೋಳದ ಹಿಟ್ಟು ಅಂಟಿದ್ದನ್ನು ನೀವು ನೋಡಿರುತ್ತೀರಿ.

ಯಾಕೆಂದರೆ ಎರಡನೆಯ ಸಲ ಹೊಸ ಅರ್ಜಿಯ ಜೊತೆ ಅದನ್ನೇ ನಿಮ್ಮ ಮೇಜಿನ ಮೇಲೆ ಇಟ್ಟೆವು. ನೀವು ಕನಿಕರದಿಂದ ತಲೆಯಾಡಿಸಿದಿರಿ: “ಪಾಲುದಾರಿಕಿ ಅಂದ್ರ ಲಾಭದ ಮೊದಲನೇ ರೂಪಾಯಿಂದನೇ ಮೂವತ್ತು ಪರ್ಸೆಂಟ್ ಟ್ಯಾಕ್ಸ್ ನೋಡ್ರಿ. ಬ್ಯಾಡ.” ನಿಜ. ಆದರೆ ಉಳಿದರ್ಧ? ದುಡಿಯುವ ಪಾಲುದಾರರಿಗೆ ಇಷ್ಟು ಸಂಬಳ ಎಂದು ಕರಾರಿನಲ್ಲಿಯೇ ನಮೂದಿಸಿದರೆ, ಕಾನೂನಿನ ಮಿತಿಯೊಳಗೆ ಅದನ್ನು ಲಾಭದಿಂದ ಕಳೆದು, ಉಳಿದದ್ದಕ್ಕಷ್ಟೇ ಆ ಮೂವತ್ತು. ಸಂಬಳ ಅವರವರ ಆದಾಯವಾಗುತ್ತದೆ, ಈ ಇಬ್ಬರ ಆದಾಯ ತೆರಿಗೆಯ ಹತ್ತಿರವೂ ಸುಳಿಯುವುದಿಲ್ಲ. ಅದು ಹನ್ನೆರಡನೆಯ ಕಲಮು. ಪುಟ ತಿರುವಬೇಕಿತ್ತು. ಹಿಟ್ಟು ಕೈಗೆ ಹತ್ತೀತೆಂದು ಬಿಟ್ಟಿರೇ?

ಕೂಡಿ ದುಡಿಯುವವರಿಗೆ ಬಿಡಿಯಾಗಿರುವುದೇ ಸುಲಭವೆಂದು ಹೇಳಿಕೊಡಲು ಇಡೀ ಒಂದು ಶಿಬಿರ ಬೇಕೇ? ನನ್ನಂಥ ಒಬ್ಬ ಅವಸರದ ಗಿರಾಕಿ ಸಾಕಲ್ಲ!

ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ ಉಳಿದಿದೆ. ಮೊದಲ ಅರ್ಜಿ ರದ್ದಾಗಬೇಕು, ಎರಡನೆಯದು ಮುಂದಕ್ಕೆ ಹೋಗಬೇಕು. ಆ ಬ್ಯಾನರಿನ ಪಕ್ಕದಲ್ಲಿ ಒಬ್ಬರ ಉದ್ದಿಮೆ ಎಂದರೇನು, ಪಾಲುದಾರಿಕೆ ಎಂದರೇನು, ಯಾವುದಕ್ಕೆ ಎಷ್ಟು ತೆರಿಗೆ, ಏನನ್ನು ಕಳೆಯಬಹುದು ಎಂಬುದನ್ನು ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಬಟ್ಟೆಯ ಖರ್ಚು ನನ್ನದು.

ಇಂತಿ,
ಎರಡೂ ಅರ್ಜಿಗಳನ್ನು ಒಂದೇ ಪೆನ್ನಿನಿಂದ ಬರೆದ, ಆದ್ದರಿಂದ ಅರ್ಧ ಆರೋಪಿಯೂ ಆದ,
ಭೀಮರಾಯ, ಅರಭಾವಿ

ಮರೆತ ಮಾತು: ಹಳೆಯ ಅರ್ಜಿಯನ್ನು ರದ್ದು ಮಾಡುವಾಗ ನಿಮ್ಮ ಕಂಪ್ಯೂಟರು ‘ಕಾರಣ’ ಕೇಳುತ್ತದಂತೆ, ಆ ಖಾನೆಯನ್ನು ಖಾಲಿ ಬಿಡುವಂತಿಲ್ಲವಂತೆ. ಮೂರು ದಿನದಿಂದ ಯೋಚಿಸಿದರೂ ನನಗೆ ತೋಚಿಲ್ಲ. ಅಲ್ಲಿ ನೀವು ಏನೆಂದು ಬರೆಯುತ್ತೀರಿ?